ಹೂಜಿ ಗಿಡದ ಮುಚ್ಚಳ

ನನ್ನ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ಹೊಳೆನರಸೀಪುರದ ದೇವಸ್ಥಾನದ ಬೀದೀಲಿ ಯಾರನ್ನ ಕೇಳಿದರೂ ಹೇಳ್ತಾರೆ. ಹೇಳಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು ನಾನು, ಚೂಡಾಮಣಿ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ, ಮೊದಲು ನಿಮ್ಮ ಮನೆ ದೋಸೆ ತೂತು ಎಣಿಸಿಕೊಳ್ಳಿ ಅಂತ ಹೇಳಿ ಕಳಿಸಿದ್ದೀನಿ. ಹಾಗಾಗಿ ಈಗ ಯಾರೂ ಏನೂ ಕೇಳಲ್ಲ. ತಿಂಡಿ ಆಯ್ತಾ ಅಂತಲೂ ಕೇಳಲ್ಲ.

ಮಹಡಿ ಮೇಲೆ ಒಂದು ರೂಮು, ಅಡಿಗೆಮನೆ ಇದೆ. ಗೇಟಿಗೆ 'ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು ನೇತುಹಾಕಿದ್ದೆ. ಎರಡು ವರ್ಷದ ಹಿಂದೆ ಒಂದು ಹುಡುಗಿ ಆ ಬೋರ್ಡನ್ನ ನಿಂತು ಪೂರ್ತಿ ಓದಿ, ಆಮೇಲೆ ಗೇಟು ತಳ್ಳಿಕೊಂಡು ಒಳಗೆ ಬಂದಳು. ಹೆಸರು ಧನ್ಯಾ. ಚನ್ನರಾಯಪಟ್ಟಣದ ಕಡೆ ಬಾಗೂರಿನವಳು, ಗೌಡರ ಮನೆ ಹುಡುಗಿ. ಇಲ್ಲಿನ ಕಾಲೇಜಿಗೆ ಸಸ್ಯಶಾಸ್ತ್ರ ಪಾಠ ಮಾಡೋಕೆ ಗೆಸ್ಟ್ ಲೆಕ್ಚರರ್ ಆಗಿ ಬಂದಿದ್ದಳು.

"ಊರಿಗೋದ್ರೆ ನಾನು ಮಾಂಸ ತಿಂತೀನಿ ಮೇಡಂ. ಇಲ್ಲಿ ಬೇಯ್ಸಲ್ಲ, ತರಲ್ಲ. ಸುಳ್ಳೇಳಿ ಸೇರ್ಕಳೋದು ನಂಗಾಗಕ್ಕಿಲ್ಲ," ಅಂದಳು.

ಬೋರ್ಡು ಓದಿದ ಮೇಲೂ ಬಂದು ಇಷ್ಟು ನೆಟ್ಟಗೆ ಹೇಳಿದವರು ಅವಳೊಬ್ಬಳೇ. ಮಿಕ್ಕವರು ಈರುಳ್ಳೀನೂ ಮುಟ್ಟಲ್ಲ ಅಂತ ಆಣೆ ಇಟ್ಟು, ತಿಂಗಳು ಕಳೆಯೋದರೊಳಗೆ ಮೊಟ್ಟೆ ಸಿಪ್ಪೆಯನ್ನ ಪೇಪರಿನಲ್ಲಿ ಸುತ್ತಿ ನನ್ನ ಕಸದ ಬುಟ್ಟಿಗೇ ಹಾಕ್ತಿದ್ದರು. "ಮೇಡಂ ಅನ್ನಬೇಡ, ಟೀಚರ್ ಅನ್ನು," ಅಂತ ಹೇಳಿ ಬೀಗದ ಕೈ ಕೊಟ್ಟೆ.

ಬಂದ ಎರಡನೇ ತಿಂಗಳಲ್ಲೇ ಒಂದು ಕುಂಡ ಎತ್ತಿಕೊಂಡು ಬಂದಳು. ಉದ್ದುದ್ದ ಎಲೆ, ಎಲೆ ತುದಿಯಿಂದ ದಾರದ ಹಾಗೆ ಒಂದು ಬಾಲ, ಆ ಬಾಲದ ತುದೀಲಿ ಪುಟ್ಟ ಚೊಂಬು ನೇತಾಡ್ತಿತ್ತು. ಚೊಂಬಿಗೊಂದು ಮುಚ್ಚಳ ಬೇರೆ. "ಇದು ಹೂಜಿ ಗಿಡ ಟೀಚರ್. ಹುಳ ತಿನ್ನುತ್ತೆ," ಅಂದಳು.

"ಏನೇ, ನೀನು ತಿನ್ನಲ್ಲ ಅಂತ ಮಾತು ಕೊಟ್ಟು, ತಿನ್ನೋದನ್ನ ತಂದು ಮೆಟ್ಟಿಲ ಮೇಲೆ ಕೂರಿಸಿದ್ದೀಯಲ್ಲ?"

"ಬೋರ್ಡಲ್ಲಿ ಸಸ್ಯಾಹಾರಿ ಅಂತದೆ. ಇದು ಸಸ್ಯಾನೇ ಅಲ್ವಾ ಟೀಚರ್," ಅಂತ ನಕ್ಕಳು.

ಬೈಯೋಣ ಅಂತ ಬಾಯಿ ತೆಗೆದವಳಿಗೆ ನಗು ಬಂದುಬಿಡ್ತು. ಹಿತ್ತಲ ಮೆಟ್ಟಿಲ ಹತ್ತಿರ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ ತೇವ ಇರೋ ಕಡೆ, ಆ ಕುಂಡ ಕೂತುಕೊಂಡಿತು.

ಮೊದಮೊದಲು ನಾನು ಅದಕ್ಕೆ ದ್ರೋಹವೇ ಮಾಡ್ತಿದ್ದೆ. ಇರುವೆ ಬಿದ್ದು ಒದ್ದಾಡೋದನ್ನ ನೋಡಲಾರದೆ ದರ್ಭೆ ಕಡ್ಡಿ ಇಳಿಬಿಟ್ಟು ಎತ್ತಿಬಿಡ್ತಿದ್ದೆ. ಒಂದು ದಿನ, ಪಾಪ ಹಸಿದಿದೆಯೇನೋ ಅಂತ ಎರಡು ಅಗುಳು ಮೊಸರನ್ನ ಹಾಕಿದೆ. ನಮ್ಮ ಮನೇಲಿ ಬಂದವರು ಯಾರೇ ಆಗಲಿ, ಮೊಸರನ್ನ ಹಾಕಿಯೇ ಕಳಿಸೋದು. ನಾಲ್ಕು ದಿನಕ್ಕೆ ಆ ಹೂಜಿ ಕೊಳೆತು ಗಬ್ಬೆದ್ದು ಹೋಯ್ತು. ಧನ್ಯಾ ಅದನ್ನ ಕತ್ತರಿಸಿ ಬಿಸಾಕಿ, ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡಿದಳು. ಮೂವತ್ತು ವರ್ಷ ಬೇರೆಯವರನ್ನ ಕೂರಿಸಿ ಪಾಠ ಮಾಡಿದವಳು ನಾನು, ತೆಪ್ಪಗೆ ಕೂತು ಕೇಳಿದೆ.

ಈ ಗಿಡ ಹುಟ್ಟೋದೇ ಸತ್ವ ಇಲ್ಲದ ನೆಲದಲ್ಲಂತೆ. ಮಣ್ಣಲ್ಲಿ ಸಿಗದ ಸಾರವನ್ನ ಹುಳದಿಂದ ತಗೊಳ್ಳುತ್ತೆ. ಒಳ್ಳೇ ಗೊಬ್ಬರ ಹಾಕಿದರೆ ಸೊಂಪಾಗಿ ಎಲೆ ಬಿಡುತ್ತೆ, ಹೂಜಿ ಮಾತ್ರ ಬಿಡಲ್ಲ. ಅವಳಮ್ಮ ದೊಡ್ಡತಾಯಮ್ಮ ಬಾಗೂರಿನಿಂದ ಮಗಳನ್ನ ನೋಡೋಕೆ ಬಂದಾಗ, ಗಿಡ ಬಡಕಲಾಗಿದೆ ಅಂತ ಬೊಗಸೆ ತುಂಬ ಸಗಣಿ ಗೊಬ್ಬರ ತಂದು ಹಾಕೋಕೆ ಹೋಗಿದ್ದರು. ಕೈ ಹಿಡಿದು ನಿಲ್ಲಿಸಬೇಕಾಯ್ತು. "ಒಟ್ಟೆಗಾಕ್ದೆ ಸಾಕೋ ಗಿಡ ಯಾವ್ದವ್ವಾ ಇದು," ಅಂತ ಆಕೆ ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಬೋರ್‌ವೆಲ್ ನೀರು ಕೂಡ ಅದಕ್ಕಾಗದು, ಅದರ ಉಪ್ಪಿಗೆ ಬೇರು ಸುಟ್ಟುಹೋಗುತ್ತಂತೆ. ಮಳೆ ನೀರೇ ಬೇಕು ಅನ್ನೋ ದೊಡ್ಡಸ್ತಿಕೆ. ಹಂಡೆಯಲ್ಲಿ ಮಳೆ ನೀರು ಹಿಡಿದಿಡೋ ಕೆಲಸ ನನ್ನದಾಯ್ತು.

ಹೂಜಿ ಹುಟ್ಟೋದನ್ನ ನೋಡೋಕೆ ತಾಳ್ಮೆ ಬೇಕು. ಮೊದಲು ಎಲೆ ತುದಿಯ ಬಾಲ ಉದ್ದ ಆಗುತ್ತೆ. ಆಮೇಲೆ ಅದರ ಕೊನೇಲಿ ಎಳ್ಳಿನಷ್ಟು ಒಂದು ಗಂಟು. ಗಂಟು ಕೆಳಗೆ ಜೋತು, ಮತ್ತೆ ಮೊಂಡು ಮಗುವಿನ ಹಾಗೆ ತಲೆ ಎತ್ತಿ ಮೇಲೆ ನೋಡುತ್ತೆ. ಚಪ್ಪಟೆ ಇದ್ದದ್ದು ಊದಿಕೊಳ್ಳುತ್ತೆ. ಆದರೆ ಮುಚ್ಚಳ ಬಿಗಿದೇ ಇರುತ್ತೆ. ಒಳಗೆ ರಸ ತಾನೇ ತುಂಬಿಕೊಳ್ಳುತ್ತೆ. ಹೊರಗಿನ ಒಂದು ಹನಿ ನೀರೂ ಬಿದ್ದಿರಲ್ಲ. ಎಲ್ಲ ತಯಾರಾದ ಮೇಲೆ ಒಂದು ದಿನ ಮುಚ್ಚಳ ಮೇಲೇಳುತ್ತೆ. ಅದಾದ ಮೇಲೆ ಬಾಯಂಚು ಹೊರಕ್ಕೆ ಸುರುಳಿಕೊಂಡು ಕೆಂಪಗಾಗಿ, ಅದರ ಮೇಲೆ ಜೇನು ಒಸರುತ್ತೆ.

ಸಂಜೆ ಅವಳು ಕಾಲೇಜಿಂದ ಬಂದ ಮೇಲೆ ಕಾಫಿ ಲೋಟ ಹಿಡಿದು ಇಬ್ಬರೂ ಅದರ ಮುಂದೆ ಕೂರ್ತಿದ್ದೆವು. ಒಂದು ಸಲ ದಪ್ಪ ಕಟ್ಟಿರುವೆ ಬಂತು. ಅಂಚಿನ ಜೇನು ನೆಕ್ಕಿತು, ಸುತ್ತು ಹಾಕಿತು, ಹೋಯ್ತು. ಮತ್ತೆ ಬಂತು. ಆವತ್ತು ತುಂತುರು ಬಿದ್ದು ಅಂಚು ಒದ್ದೆಯಾಗಿತ್ತು. ಕಾಲಿಟ್ಟದ್ದೇ ಜಾರಿ ಒಳಗೆ ಹೋಯ್ತು. ಗೋಡೆ ಹತ್ತೋಕೆ ನೋಡಿದರೆ ಅಲ್ಲೆಲ್ಲ ಮೇಣ, ಕಾಲು ಕಚ್ಚಲ್ಲ. ಹತ್ತೋದು, ಜಾರೋದು. ಕೊನೆಗೆ ರಸದಲ್ಲಿ ಮುಳುಗಿತು. ಆ ರಸವೇ ಅದನ್ನ ನಿಧಾನಕ್ಕೆ ಅರಗಿಸಿಬಿಡುತ್ತೆ.

"ನೋಡಿದ್ರಾ ಟೀಚರ್, ಒಣಗಿದ್ದಾಗ ಬಿಟ್ಟು ಕಳಿಸುತ್ತೆ. ಹೋದ ಇರುವೆ ನಾಕು ಇರುವೆನ ಕರ್ಕಂಡ್ ಬತ್ತದೆ. ಒದ್ದೆ ಆದಾಗ ಎಲ್ಲಾನೂ ಬೀಳುಸ್ಕತ್ತದೆ," ಅಂದಳು ಧನ್ಯಾ.

"ಕಿಲಾಡಿ ಗಿಡ," ಅಂದೆ. ಆವತ್ತು ದರ್ಭೆ ಕಡ್ಡಿ ಹುಡುಕಲಿಲ್ಲ. ಕಾಫಿ ಆರಿಹೋಗಿತ್ತು, ಇನ್ನೊಂದು ಲೋಟ ಮಾಡಿಕೊಂಡು ಬಂದೆ.

ನನ್ನ ಚಿಕ್ಕಪ್ಪನ ಮಗ ಸಂಪತ್ಕುಮಾರ ದೇವಸ್ಥಾನದಲ್ಲಿ ಅರ್ಚಕ. ಹೂವಿನ ಬುಟ್ಟಿ ಕೊಡೋಕೆ ಬಂದಾಗಲೆಲ್ಲ ಗಿಡ ನೋಡಿ, "ನಾರಸಿಂಹನ ಬೀದೀಲಿ ಇವನೊಬ್ಬ ಬಾಯಿಬಿಟ್ಟುಕೊಂಡು ಕೂತಿದ್ದಾನೆ ನೋಡು," ಅಂತ ಗೇಲಿ ಮಾಡ್ತಿದ್ದ. ದೇವರಿಗೆ ಹೂ ಕಟ್ಟಿಕೊಡೋದು ನಮ್ಮಮ್ಮನ ಕಾಲದಿಂದ ನಮ್ಮ ಮನೆ ಕೆಲಸ. ಅದರಲ್ಲಿ ತಾವರೆ ಮೊಗ್ಗಿನದು ಒಂದು ನಾಜೂಕು. ಹಿಂದಿನ ದಿನ ಸಂಜೆ ಬಂದ ಮೊಗ್ಗು ಬೆಳಗಿನ ಪೂಜೆಗೆ ಮುಂಚೆ ಬಿರಿಯಬಾರದು. ನೆನೆಸಿದ ಬಾಳೆನಾರನ್ನ ಕೂದಲಷ್ಟು ತೆಳ್ಳಗೆ ಸೀಳಿ, ಮೊಗ್ಗಿನ ಹೆಗಲಿಗೆ ಸುತ್ತಿ ಬಿಗಿದಿಡಬೇಕು. ದೇವರ ಮುಂದೆ ಸಂಪತ್ಕುಮಾರ ನಾರು ಬಿಚ್ಚಿದರೆ ಆಗ ಅರಳುತ್ತೆ. ಎಸಳಿಗೆ ಗಾಯ ಆಗದ ಹಾಗೆ ಬಿಗಿಯೋದು ಈ ಬೀದೀಲಿ ಈಗ ನನಗೊಬ್ಬಳಿಗೇ ಬರೋದು.

ಈ ವರ್ಷ ಜೂನ್‌ನಲ್ಲಿ ಇಲ್ಲಿನ ಕಾಲೇಜಿನಲ್ಲಿ ಧನ್ಯಾಳ ಕೆಲಸ ಮುಗೀತು. ಅರಕಲಗೂಡಿನ ಕಾಲೇಜಿನಲ್ಲಿ ಸಿಕ್ಕಿತು. ಸಾಮಾನು ಕಟ್ಟಿ ಕೆಳಗಿಳಿಸುವಾಗ, "ಭಾನುವಾರ ಬತ್ತಾ ಇರ್ತೀನಿ ಟೀಚರ್," ಅಂದಳು.

ನನಗೆ ಬೆಳಗಿನಿಂದ ಯಾಕೋ ಮೈಯೆಲ್ಲ ಉರೀತಿತ್ತು. ಸುಡುಗಾಡು ನಾಲಿಗೆ, "ಖಾಲಿ ಮಾಡೋರೆಲ್ಲ ಹೀಗೇ ಅನ್ನೋದು. ಬರೋಕೆ ನಿನಗಿಲ್ಲಿ ಏನು ಕೆಲಸ?" ಅಂದುಬಿಟ್ಟೆ.

ಅವಳು ಪೆಟ್ಟಿಗೆ ಆಟೋಗೆ ಇಟ್ಟು ಬಂದಳು. ಹಿತ್ತಲಿಗೆ ಹೋಗಿ ಗಿಡದ ಮುಂದೆ ಸ್ವಲ್ಪ ಹೊತ್ತು ಕೂತಳು. ಆಗ ಒಂದು ಹೊಸ ಹೂಜಿ ಎಳ್ಳಿನ ಗಾತ್ರ ದಾಟಿ ಮೆಣಸಿನಕಾಳಷ್ಟಾಗಿತ್ತು. ಹಳೇವೆರಡು ಒಣಗೋಕೆ ಶುರುವಾಗಿದ್ದವು. "ಟೀಚರ್, ಇದನ್ನ ಈಗ ಸಾಗಿಸಿದ್ರೆ ಮರಿ ಉದುರೋಯ್ತದೆ. ಮುಚ್ಚಳ ತೆಗೆದ ದಿನ ಫೋನ್ ಮಾಡಿ. ಬಂದು ತಗೊಂಡೋಗ್ತೀನಿ," ಅಂದಳು.

"ಆಗಲಿ," ಅಂದೆ. ಆಟೋ ಹೋಯ್ತು.

ಆವತ್ತು ಸಂಜೆ ರೂಢಿಯ ಮೇಲೆ ಎರಡು ಲೋಟ ಕಾಫಿ ಮಾಡಿದೆ. ಎರಡನ್ನೂ ನಾನೇ ಕುಡಿದೆ, ನಿದ್ದೆ ಬರಲಿಲ್ಲ. ಮಹಡಿಯಲ್ಲಿ ಕುರ್ಚಿ ಎಳೆಯೋ ಸದ್ದು ಇಲ್ಲ, ನಲ್ಲಿ ಸದ್ದಿಲ್ಲ. ಗೇಟಿಗೆ ಮತ್ತೆ ಬೋರ್ಡು ಹಾಕು ಅಂತ ಸಂಪತ್ಕುಮಾರ ಹೇಳಿದ. ಹಾಕಲಿಲ್ಲ. ಬೇರೆ ಯಾರಾದರೂ ಬಂದು ಆ ಮೆಟ್ಟಿಲ ಮೇಲೆ ಕೂರೋದು ನನಗೆ ಬೇಕಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆ ಹೊತ್ತಿಗೆ ಫೋನ್ ಬರ್ತಿತ್ತು. "ಟೀಚರ್, ಎಷ್ಟು ದಪ್ಪ ಆಯ್ತು?" ಅಂತ ಕೇಳೋಳು. ಮೆಣಸಿನಕಾಳು ಹೋಗಿ ಕಡಲೆ ಆಯ್ತು ಅಂತಿದ್ದೆ. ಕಡಲೆ ಹೋಗಿ ಎಳೇ ಬದನೆಕಾಯಿ ಆಯ್ತು ಅಂತಿದ್ದೆ. ಅಲ್ಲಿ ರೂಮು ಹೇಗಿದೆ, ಊಟಕ್ಕೆ ಏನು ಮಾಡ್ತೀಯ ಅಂತ ಕೇಳಬೇಕು ಅಂತ ಗಂಟಲ ತನಕ ಬರ್ತಿತ್ತು. ಅಷ್ಟರಲ್ಲಿ "ಸರಿ ಇಡ್ತೀನಿ" ಅನ್ನೋ ಮಾತು ಬಾಯಿಂದ ತಾನೇ ಜಾರಿಬಿಡ್ತಿತ್ತು.

ಆಷಾಢದ ಮಳೆಗೆ ಹೂಜಿ ಚೆನ್ನಾಗಿ ಉಬ್ಬಿತು. ನನ್ನ ಹೆಬ್ಬೆರಳಿಗಿಂತ ಉದ್ದ, ಬಿಸಿಲಿಗೆ ಹಿಡಿದರೆ ಒಳಗೆ ರಸ ನಿಂತಿರೋದು ಕಾಣ್ತಿತ್ತು. ಮುಚ್ಚಳದ ಅಂಚಿನ ಸುತ್ತ ತೆಳ್ಳನೆ ಗೆರೆ ಮೂಡಿತ್ತು. ಇನ್ನು ನಾಳೆಯೋ ನಾಡಿದ್ದೋ ತೆರೆಯುತ್ತೆ ಅನ್ನೋದು ನೋಡಿದರೇ ಗೊತ್ತಾಗೋ ಹಾಗಿತ್ತು.

ತೆರೆದರೆ ಫೋನ್ ಮಾಡಬೇಕು. ಮಾಡಿದರೆ ಬರ್ತಾಳೆ. ಕಾಫಿ ಕುಡೀತಾಳೆ, ಕುಂಡ ಎತ್ತಿಕೊಂಡು ಹೋಗ್ತಾಳೆ. ಅಲ್ಲಿಗೆ ಮುಗೀತು. ಆಮೇಲೆ ಭಾನುವಾರ ಫೋನ್ ಮಾಡೋಕೆ ಅವಳಿಗೆ ಏನು ದರ್ದು?

ಬುಟ್ಟೀಲಿ ತಾವರೆ ಮೊಗ್ಗಿತ್ತು, ಪಕ್ಕದ ಬಟ್ಟಲಲ್ಲಿ ನೆನೆಸಿದ ನಾರಿತ್ತು. ಒಂದೆಳೆ ಸೀಳಿ ತಗೊಂಡು ಹೋಗಿ, ಮುಚ್ಚಳದ ಮೇಲಿಂದ ಹೂಜಿಯ ಕತ್ತಿಗೆ ಸುತ್ತಿ ಬಿಗಿದೆ. ಒಂದು ಗೀರೂ ಬೀಳಲಿಲ್ಲ. ಹೌದು, ಕಟ್ಟಿದೆ. ಯಾರಿಗೇನು ನಷ್ಟ ಅಂದುಕೊಂಡೆ. ಕಟ್ಟಿ ಬಂದು, ಮಿಕ್ಕ ನಾರಲ್ಲಿ ದೇವರ ಮೊಗ್ಗು ಕಟ್ಟೋಕೆ ಕೂತೆ.

"ತೆಗೀತಾ ಟೀಚರ್?" ಅಂದಳು ಆ ಭಾನುವಾರ.

"ಇಲ್ಲ ಕಣೆ."

"ಓ," ಅಂದಳು. "ಸರಿ ಬುಡಿ. ಮುಂದಿನ ವಾರ ನೋಡಾನ."

ದನಿ ಸಪ್ಪಗಿತ್ತು. ಗಿಡದ ಮೇಲೆ ಎಷ್ಟು ಆಸೆ ಇಟ್ಟುಕೊಂಡಿದ್ದಾಳಪ್ಪ ಅಂತ ನನಗೆ ಹೊಟ್ಟೆ ಉರೀತು. ನಾರು ಒಣಗಿ ಸಡಿಲ ಆದರೆ ಬಿಚ್ಚಿ ಹೊಸದು ಕಟ್ತಿದ್ದೆ. ಶ್ರಾವಣ ಪೂರ್ತಿ ಹೀಗೇ ಹೋಯ್ತು. ಹೂಜಿಯ ಸುತ್ತ ಇರುವೆ ಬರಲಿಲ್ಲ, ನೊಣ ಬರಲಿಲ್ಲ. ಬಾಯಂಚೇ ಸುರುಳಿಕೊಂಡಿರಲಿಲ್ಲವಲ್ಲ, ಜೇನೆಲ್ಲಿಂದ ಬರಬೇಕು?

ಒಂದು ಸಂಜೆ ಸಂಪತ್ಕುಮಾರ ಬುಟ್ಟಿ ಕೊಡೋಕೆ ಬಂದವನು ಗಿಡದ ಹತ್ತಿರ ಬಗ್ಗಿ ನೋಡಿದ. ನಾರು ಕಂಡಿತು. ಅವನೇನು ದಡ್ಡನೇ, ದಿನಾ ಆ ಗಂಟು ಬಿಚ್ಚೋನು.

"ಏನೇ ಚೂಡಾ ಇದು?"

"ಮಳೆ ನೀರು ಒಳಗೆ ಹೋಗುತ್ತೆ, ಅದಕ್ಕೆ."

"ಮಳೆ ನಿಂತು ವಾರ ಆಯ್ತು." ಮೆಟ್ಟಿಲ ಮೇಲೆ ಕೂತ. "ಆ ಹುಡುಗೀನ ಬಾ ಅಂತ ಕರೆಯೋಕೆ ನಿನಗೇನೇ ಧಾಡಿ? ಕರೆದರೆ ಬರ್ತಾಳೆ."

"ನಾನು ಅವಳಿಗೆ ಏನಾಗಬೇಕು, ಕರೆಯೋಕೆ? ಬಾಡಿಗೆಗಿದ್ದಳು, ಹೋದಳು. ಅತ್ತೂ ಕರೆದೂ ಔತಣ ಹೇಳಿಸಿಕೊಳ್ಳೋ ಗತಿ ನನಗೆ ಬಂದಿಲ್ಲ. ಅವಳಿಗೂ ನೆಂಟರು ಇಷ್ಟರು ಇದ್ದಾರೆ. ಕರೆದು, ಅವಳು ಬಿಡುವಿಲ್ಲ ಅಂದರೆ? ಆಮೇಲೆ ನಾನು ಏನು ಮಾಡಲಿ ಹೇಳು."

ಅವನು ನನ್ನ ಮುಖ ನೋಡಿದ. ನನ್ನ ಕಣ್ಣಲ್ಲಿ ನೀರು ಬಂದಿತ್ತು ಅಂತ ಕಾಣುತ್ತೆ. ಬುಟ್ಟಿ ಇಟ್ಟು ಹೋದ.

ಗೌರಿ ಹಬ್ಬ ಆದ ಮೇಲೆ ಎರಡು ಭಾನುವಾರ ಫೋನ್ ಬರಲಿಲ್ಲ. ನಾನೇ ಮಾಡಬಹುದಿತ್ತು. ನಂಬರು ಒತ್ತಿ, ಆ ಕಡೆ ರಿಂಗ್ ಆಗೋದರೊಳಗೆ ಇಟ್ಟುಬಿಡ್ತಿದ್ದೆ.

ಮೂರನೇ ವಾರ, ಶನಿವಾರ ಮಧ್ಯಾಹ್ನ, ಗೇಟು ಸದ್ದಾಯ್ತು. ನಾನು ಒಲೆ ಮೇಲೆ ಸಾರು ಇಟ್ಟಿದ್ದೆ. ಹೊರಗೆ ಬಂದು ನೋಡಿದರೆ ಧನ್ಯಾ. ಕೈಯಲ್ಲಿ ಬಾಳೆಗೊನೆಯಿಂದ ಕಿತ್ತ ಎರಡು ಚಿಪ್ಪು ಹಣ್ಣು. ಸ್ವಲ್ಪ ಸೊರಗಿದ್ದಳು.

ನನಗೆ ಜೀವ ಬಂದ ಹಾಗಾಯ್ತು, ಅದೇ ಉಸಿರಿಗೆ ಜೀವ ಹೋದ ಹಾಗೂ ಆಯ್ತು. "ಫೋನ್ ಮಾಡಿ ಬರಬಾರದಾ? ಕಾಲು ತೊಳಕೋ, ಊಟಕ್ಕೆ ಕೂತುಕೋ. ಹಿತ್ತಲಿಗೆ ಆಮೇಲೆ ಹೋಗೋಣ," ಅಂದೆ. ಅವಳು ಕಾಲು ತೊಳೆಯೋಕೇ ಹಿತ್ತಲಿಗೆ ಹೋದಳು. ನಲ್ಲಿ ಇರೋದು ಅಲ್ಲೇ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಒದ್ದೆ ಕಾಲಲ್ಲೇ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉಗುರಿನಿಂದ ನಾರು ಬಿಡಿಸಿದಳು. ಮುಚ್ಚಳ ಏಳಲಿಲ್ಲ. ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿದಳು, ಆಗಲೂ ಏಳಲಿಲ್ಲ.

"ಬಲಿತೋಗದೆ ಟೀಚರ್. ಎಳೇದ್ರಲ್ಲಿ ತೆಗೀಬೇಕಿತ್ತು. ಇನ್ನು ತೆಗೆಯಕ್ಕಿಲ್ಲ," ಅಂದಳು. ಆಮೇಲೆ ನಾರನ್ನ ಅಂಗೈಯಲ್ಲಿ ಹಿಡಿದು ಕೇಳಿದಳು: "ಯಾವಾಗ ಕಟ್ಟಿದ್ರಿ?"

"ಆಷಾಢದಲ್ಲಿ."

"ಯಾಕೆ?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ತೆರೆದರೆ ನೀನು ಬಂದು ತಗೊಂಡು ಹೋಗಿಬಿಡ್ತೀಯಲ್ಲ, ಅದಕ್ಕೆ. ಗಿಡ ಹೋದರೆ ನಿನ್ನ ಫೋನೂ ನಿಲ್ಲುತ್ತೆ. ನನಗೆ ಮಾತಾಡೋಕೆ ಇನ್ಯಾರಿದ್ದಾರೆ?"

ಅವಳು ಮೆಟ್ಟಿಲ ಮೇಲೆ ಕೂತಳು. ನಾರನ್ನ ಬೆರಳಿಗೆ ಸುತ್ತಿ ಬಿಚ್ಚಿದಳು. ನಾನು ಬೈಗುಳಕ್ಕೆ ಕಾಯ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಈ ಗಿಡ ನಿಮಗೇ ಅಂತ ಬುಟ್ಟೋಗಿದ್ದು ಟೀಚರ್. ಆವತ್ತು ಬರಕ್ಕೆ ಏನು ಕೆಲಸ ಅಂದ್ರಲ್ಲ, ಅದುಕ್ಕೆ ಒಂದು ಕೆಲಸ ಮಾಡ್ಕಂಡೆ ಅಷ್ಟೇ. ಮುಚ್ಚಳ ತೆಗೆದ ದಿನ ಬರದು, ಇನ್ನೊಂದು ಮರಿ ಬಂದದೆ ಅದೂ ತೆಗೀಲಿ ಅಂತ ಏಳಿ ಇಲ್ಲೇ ಬುಟ್ಟೋಗದು. ಅಂಗೇ ಭಾನುವಾರ ಭಾನುವಾರ ಬತ್ತಾ ಇರದು ಅಂತ ಲೆಕ್ಕ ಆಕ್ಕಂಡಿದ್ದೆ." ಕಣ್ಣು ಒರೆಸಿಕೊಂಡಳು. "ಅರಕಲಗೂಡಲ್ಲಿ ನಂಗ್ಯಾರವ್ರೆ ಟೀಚರ್? ಒಂದು ರೂಮು, ಒಂದು ಕಿಟಕಿ. ಶನಿವಾರ ಬಂತಂದ್ರೆ ಬ್ಯಾಗ್ ರೆಡಿ ಮಾಡಿ ಇಟ್ಕತಿದ್ದೆ. ನೀವು ತೆಗೀಲಿಲ್ಲ ಅಂತಿದ್ರಿ. ಖಾಲಿ ಮಾಡಿದ ಮನೆಗೆ ಸುಮ್‌ಸುಮ್ನೆ ಎಂಗೆ ಬರದು ಅಂತ ಬ್ಯಾಗ್ ಬಿಚ್ಚಿ ಇಡ್ತಿದ್ದೆ."

ಅರಕಲಗೂಡಿನಿಂದ ಇಲ್ಲಿಗೆ ಎಷ್ಟು ಮಹಾ ದೂರ? ಸಾರು ಕುದ್ದು ಉಕ್ಕೋ ವಾಸನೆ ಬಂತು. ನಾನು ಏಳಲಿಲ್ಲ.

"ಈಗ ಗೊತ್ತಾಯ್ತಲ್ಲ. ಇನ್ನು ಮೇಲೆ ಬಾ. ಪ್ರತಿ ವಾರ ಬಾ," ಅಂದೆ. ದುಡುಕಿ ಅಂದೆ, ಎಲ್ಲಿ ನಾಲಿಗೆ ಮತ್ತೆ ತಿರುಗಿಬಿಡುತ್ತೋ ಅಂತ.

ಅವಳು ತಲೆ ಅಲ್ಲಾಡಿಸಿದಳು. "ಪರ್ಮನೆಂಟ್ ಕೆಲಸ ಆಯ್ತು ಟೀಚರ್. ಬೀದರ್ ಕಡೆ. ಸೋಮವಾರ ಸೇರ್ಕಬೇಕು. ಅದನ್ನೇ ಏಳಿ ಓಗಾನ ಅಂತ ಬಂದೆ. ರಾತ್ರಿ ಟ್ರೈನು. ಅವ್ವ ಬಾಗೂರಿಂದ ಸಾಮಾನು ತಗೊಂಡು ಹಾಸನಕ್ಕೆ ಬತ್ತಾ ಅವಳೆ."

ಬೀದರ್. ಭೂಪಟದಲ್ಲಿ ನಮ್ಮ ರಾಜ್ಯದ ತಲೆ ಮೇಲಿರೋ ಊರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮಮ್ಮ ನನ್ನನ್ನ ನೋಡಿ ಯಾವಾಗಲೂ ಹೇಳೋಳು. ಪರ್ಮನೆಂಟ್ ಆಯ್ತಲ್ಲ, ಒಳ್ಳೇದಾಯ್ತು ಅಂದೆ. ಸಂತೋಷ ಅಂದೆ. ಸಂತೋಷವೂ ಆಯ್ತು, ಸುಳ್ಳಲ್ಲ.

ತಳ ಹತ್ತಿದ ಸಾರನ್ನೇ ಬಡಿಸಿದೆ. ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡಳು. ಊಟ ಆಗ್ತಿದ್ದ ಹಾಗೇ ಫೋನಿನಲ್ಲಿ ಹೊತ್ತು ನೋಡಿಕೊಂಡು ಎದ್ದಳು. ನನ್ನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದಳು. ಗೇಟಿನ ತನಕ ಹೋಗಿ, "ಬತ್ತೀನಿ ಟೀಚರ್," ಅಂದಳು.

ನಾನು ಹುಷಾರು ಅನ್ನಬೇಕಿತ್ತು, ತಲುಪಿದ ಮೇಲೆ ಫೋನ್ ಮಾಡು ಅನ್ನಬೇಕಿತ್ತು. "ಹೋಗಬೇಡ ಕಣೆ," ಅಂದೆ. ಜನ್ಮದಲ್ಲಿ ಯಾರಿಗೂ ಹೇಳಿರದ ಮಾತು. ಹೇಳಿ ಗೇಟಿನ ಕಂಬಿ ಹಿಡಿದುಕೊಂಡೆ.

ಧನ್ಯಾ ನನ್ನ ಕೈ ಮೇಲೆ ಕೈ ಇಟ್ಟಳು.

"ಈ ಮಾತ್ನ ಈಗ ಏಳ್ತೀರಲ್ಲ ಟೀಚರ್," ಅಂದಳು.

ಬೀದಿಯ ಕೊನೆ ತಿರುವಿನ ತನಕ ಅವಳು ಕಾಣ್ತಿದ್ದಳು. ಹಾಸನದ ಬಸ್ಸಿಗೆ ಹೊತ್ತಾಗಿತ್ತು, ಬೇಗ ಬೇಗ ನಡೀತಿದ್ದಳು.